ಪ್ರಚಾರದ ಪೋಸ್ಟರ್ ಮಕ್ಕಳ ಕೈಯಲ್ಲೇ ಮಾಡಿಸಿದ ಅನುಭವ

"ರಾಜಕೀಯ ತರಗತಿಯೊಳಗೆ ಬೇಡ, ಜಗಳ ಆಗುತ್ತೆ" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಲೆ ಅಲ್ಲಾಡಿಸಿದ್ದರು. ಈಗ ಅವರಲ್ಲೇ ಕೆಲವರು ನನ್ನ ವರ್ಕ್‌ಶೀಟ್ ಕೇಳುತ್ತಿದ್ದಾರೆ. ಹಾಗಾಗಿ, ಪ್ರಚಾರದ ಪೋಸ್ಟರ್ ನೋಡುವವರ ಮನಸ್ಸನ್ನು ಹೇಗೆ ಒಲಿಸುತ್ತೆ ಅನ್ನುವ ಪಾಠ ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ.

ಸ್ಲೈಡ್ ಹಾಕಿದರೆ ಮಕ್ಕಳು "ಚೆನ್ನಾಗಿದೆ ಸರ್" ಅಂದು ಸುಮ್ಮನಾಗುತ್ತಿದ್ದರು. ಮನವೊಲಿಸುವ ತಂತ್ರಗಳ ಪಟ್ಟಿ ಕೊಟ್ಟರೆ ಬಾಯಿಪಾಠ ಮಾಡುತ್ತಿದ್ದರು. ಎರಡೂ ದಂಡ. ಕೈ ಹಿಡಿದದ್ದು ಬರಹ ಮುಚ್ಚಿದ ಮೂರು ಪೋಸ್ಟರ್: 1914ರ ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್, 1917ರ ಅಮೆರಿಕದ ಅಂಕಲ್ ಸ್ಯಾಮ್ (ಆ ದೇಶದ ಸಂಕೇತವಾದ ಮುದುಕ), 1920ರ ಸೋವಿಯತ್ ಕೆಂಪು ಸೈನಿಕ. ಮೂರೂ ಸೈನ್ಯಕ್ಕೆ ಸೇರಿ ಅನ್ನುವವೇ. ಮೂರರಲ್ಲೂ ನಮ್ಮತ್ತಲೇ ಬೆರಳು. "ನೋಡಿದರೆ ಏನನಿಸುತ್ತೆ?" ಎಂದಷ್ಟೇ ಕೇಳಿದೆ. "ನಾನೇನೋ ತಪ್ಪು ಮಾಡಿದ ಹಾಗೆ" ಅಂದಳು ಒಬ್ಬಳು. ಪಟ್ಟಿಯ ಅರ್ಧ ಅಲ್ಲೇ ಮುಗಿಯಿತು. ಸುಮ್ನೆ ಕುತೂಹಲಕ್ಕೆ ಒಮ್ಮೆ ಬೆರಳನ್ನು, ಒಮ್ಮೆ ಕಣ್ಣುಗಳನ್ನು ಮುಚ್ಚಿ ತೋರಿಸಿದೆ. ಕಣ್ಣು ಮುಚ್ಚಿದಾಗಲೇ ಪೋಸ್ಟರ್ ಜಾಸ್ತಿ ಸಪ್ಪೆಯಾಯಿತು.

ಪೋಸ್ಟರ್ ಮಾಡಿಸುವುದೇ ಕಷ್ಟ. "ಗಿಡ ನೆಡಿ" ಥರದ ವಿಷಯ ಕೊಟ್ಟರೆ ಮುಗಿಯಿತು, ಎಲ್ಲರೂ ಒಪ್ಪುವ ಮಾತಿಗೆ ಯಾರು ತಂತ್ರ ಹೂಡುತ್ತಾರೆ? ನಿಜವಾದ ಪಕ್ಷಗಳನ್ನು ಕೊಟ್ಟಾಗ ಸ್ಟಾಫ್ ರೂಮಿನ ಭವಿಷ್ಯವಾಣಿ ನಿಜವಾಯಿತು. ಕೊನೆಗೆ "ರಜೆಗಳನ್ನು ಅರ್ಧಕ್ಕೆ ಇಳಿಸಬೇಕು" ಅನ್ನುವ ವಿಷಯ ಹಾಕಿದೆ. ಯಾವ ಗುಂಪು ಪರ, ಯಾವುದು ವಿರೋಧ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿದೆವು. ರಜೆಗಾಗಿ ಪ್ರಾಣ ಬಿಡುವವರೇ ರಜೆಯ ವಿರುದ್ಧ ಭಯಂಕರ ಪೋಸ್ಟರ್ ಮಾಡಿದರು! ಆಮೇಲೆ ಅದಲು ಬದಲು. ಎದುರು ಗುಂಪಿನ ಪೋಸ್ಟರ್ ಏನನ್ನು ಮುಚ್ಚಿಟ್ಟಿದೆ ಅಂತ ಅದರ ಪಕ್ಕದಲ್ಲೇ ಬರೆಯಬೇಕು. ಗುಂಪು ಹೇಗೆ ಕಟ್ಟುತ್ತೇನೆ ಅನ್ನುವುದು ಮಾತ್ರ ಹೇಳಲ್ಲ, ಅರ್ಧ ಗುಟ್ಟು ಅದರಲ್ಲೇ ಇದೆ.

ಇನ್ನು ದುಡ್ಡು. ಬಣ್ಣದ ಪ್ರಿಂಟ್ ನನ್ನ ಜೇಬನ್ನೇ ಕತ್ತರಿಸುತ್ತಿತ್ತು. ರಷ್ಯಾದ ಕಲಾವಿದ ಎಲ್ ಲಿಸಿಟ್ಸ್ಕಿ 1919ರಲ್ಲಿ ಮಾಡಿದ ಪೋಸ್ಟರ್ ನೆನಪಾಯಿತು. ಬಿಳಿ ವೃತ್ತಕ್ಕೆ ಚುಚ್ಚಿದ ಕೆಂಪು ತ್ರಿಕೋನ, ಹೆಚ್ಚುಕಮ್ಮಿ ಅದೇ ಇಡೀ ಚಿತ್ರ. ಅಂದಿನಿಂದ ನೋಡಲು ಕಪ್ಪು ಬಿಳುಪು ಜೆರಾಕ್ಸ್, ಮಾಡಲು ಕೆಂಪು ಕಾಗದ, ಕತ್ತರಿ, ಗೋಂದು. ಪೋಸ್ಟರಿನ ಬರಹ ಏಳು ಪದ ಮೀರುವಂತಿಲ್ಲ. ಖರ್ಚು ಹೆಚ್ಚುಕಮ್ಮಿ ಹತ್ತನೇ ಒಂದು ಭಾಗಕ್ಕೆ ಬಂತು. "ನಂಗೆ ಚಿತ್ರ ಬರಲ್ಲ ಸರ್" ಅನ್ನುವ ರಾಗವೂ ನಿಂತಿತು.

ಕಾರಿಡಾರಿನಲ್ಲಿ ಅಂಟಿಸಿ ಪಕ್ಕದ ತರಗತಿಯಿಂದ ಓಟು ಹಾಕಿಸಿದೆ. ರಜೆ ಕಡಿತಕ್ಕೆ ಸುಮಾರು ಮೂರನೇ ಒಂದು ಭಾಗ ಓಟು ಬಿತ್ತು, ಅದೂ ಮಕ್ಕಳಿಂದ! ಎರಡು ಪೀರಿಯಡ್ ಸಾಲದು, ಮೂರು ಇಟ್ಟುಕೊಳ್ಳಿ. ಓಟಿನ ಎಣಿಕೆಗೇ ಅರ್ಧ ಪೀರಿಯಡ್ ಹೋಗುತ್ತೆ.