ಜಾನ್ ಲಾರ್ಡ್ ಆರ್ಗನ್ ಸದ್ದನ್ನು ನಾನು ಹೊಂದಿಸಿಕೊಳ್ಳುವ ಬಗೆ

ಡೀಪ್ ಪರ್ಪಲ್ ಎಂಬ ಬ್ರಿಟಿಷ್ ರಾಕ್ ತಂಡದ ಜಾನ್ ಲಾರ್ಡ್ (1941–2012) ಅವರ ಹ್ಯಾಮಂಡ್ (ವಿದ್ಯುತ್ ಆರ್ಗನ್) ಸದ್ದು ಬೇಕೆಂದವರು ಮೊದಲು ಡಿಸ್ಟಾರ್ಷನ್, ಅಂದರೆ ಸದ್ದನ್ನು ಒರಟಾಗಿಸುವ ಎಫೆಕ್ಟ್, ಏರಿಸುತ್ತಾರೆ. ಸದ್ದು ಕೆಡುವುದು ಅಲ್ಲಿಂದಲೇ. ಆ ಗರ್ಜನೆಯನ್ನು ಆಳುವುದು ಬಲಗಾಲಿನ ಎಕ್ಸ್‌ಪ್ರೆಶನ್ ಪೆಡಲ್, ಸದ್ದನ್ನು ಏರಿಸಿ ಇಳಿಸುವ ಪೆಡಲ್.

ಹ್ಯಾಮಂಡ್‌ನಲ್ಲಿ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಒಂದೇ. ಹಾಗಾಗಿ ಕೀಬೋರ್ಡಿನ ವೆಲಾಸಿಟಿಯನ್ನು (ಒತ್ತಿದ ಬಿರುಸಿಗೆ ತಕ್ಕಂತೆ ಸದ್ದು ಬದಲಾಗುವುದನ್ನು) ಆಫ್ ಮಾಡುತ್ತೇನೆ, ಸಸ್ಟೇನ್ ಪೆಡಲನ್ನು ಕಳಚಿಡುತ್ತೇನೆ. ಏರಿಳಿತವೆಲ್ಲ ಕಾಲಿನದು, ಹಾರ್ಮೋನಿಯಂನಲ್ಲಿ ತಿದಿ ಮಾಡುವ ಕೆಲಸ ಇಲ್ಲಿ ಪೆಡಲಿನದು.

ಸ್ವರದೊಳಗಿನ ಹಾರ್ಮೋನಿಕ್‌ಗಳನ್ನು (ಮೂಲ ಸ್ವರದ ಜೊತೆ ಮೊಳಗುವ ಮೇಲಿನ ಸ್ವರಗಳನ್ನು) ಬೆರೆಸುವ ಎಳೆಗೋಲು, ಅಂದರೆ ಡ್ರಾಬಾರ್, ಒಂಬತ್ತು, ಪ್ರತಿಯೊಂದಕ್ಕೂ 0ಯಿಂದ 8ರವರೆಗೆ ಮಟ್ಟ. ನಾನು ಶುರು ಮಾಡುವುದು 888 000 000ರಿಂದ, ಅಂದರೆ ಮೊದಲ ಮೂರು ಪೂರ್ತಿ ತೆರೆದು, ಉಳಿದವನ್ನು ಮುಚ್ಚಿ. ಸೋಲೋಗೆ ನಾಲ್ಕನೆಯದನ್ನು 4ರಿಂದ 6ರವರೆಗೆ ಎಳೆಯುತ್ತೇನೆ, ಅಷ್ಟೇ. ಮೇಲಿನವನ್ನು ತೆರೆದರೆ ಕಿವಿಗೆ ಚುಚ್ಚುತ್ತದೆ, ಏಕೆಂದರೆ ಓವರ್‌ಡ್ರೈವ್ ಆದ ಆಂಪ್ ತಾನೇ ಮೇಲಿನ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತಿರುತ್ತದೆ. ಪರ್ಕಶನ್ (ಸ್ವರದ ಆರಂಭದಲ್ಲಿ ಕೇಳುವ ಚುರುಕಾದ ಪೆಟ್ಟು) ಹಾಕಿದರೆ ಥರ್ಡ್ ಹಾರ್ಮೋನಿಕ್, ಫಾಸ್ಟ್, ಸಾಫ್ಟ್. ಅದು ಎಲ್ಲ ಬೆರಳೂ ಮೇಲೆದ್ದ ಮೇಲಷ್ಟೇ ಮತ್ತೆ ಮೊಳಗುತ್ತದೆ; ಸ್ವರಗಳನ್ನು ಅಂಟಿಸಿ ನುಡಿಸಿದರೆ ಮೊದಲನೆಯದಕ್ಕೆ ಮಾತ್ರ. ಪರ್ಕಶನ್ ಆನ್ ಇರುವಾಗ ಒಂಬತ್ತನೆಯ ಡ್ರಾಬಾರ್ ಮೂಕವಾಗುತ್ತದೆ, ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಲಾರ್ಡ್ ತಮ್ಮ ಹ್ಯಾಮಂಡನ್ನು ಮಾರ್ಷಲ್ ಗಿಟಾರ್ ಆಂಪ್‌ಗೆ ಕೊಟ್ಟರು. ಇದನ್ನು ಸಾಫ್ಟ್‌ವೇರಿನಲ್ಲಿ ಕಟ್ಟುವಾಗ ಕ್ರಮವೇ ಮುಖ್ಯ: ಆರ್ಗನ್, ಎಕ್ಸ್‌ಪ್ರೆಶನ್, ಡ್ರೈವ್ (ಡಿಸ್ಟಾರ್ಷನ್ ಹುಟ್ಟಿಸುವ ಹಂತ), ಕೊನೆಗೆ ಸ್ಪೀಕರ್ ಕ್ಯಾಬಿನೆಟ್. ಪೆಡಲ್ ಡ್ರೈವ್‌ಗಿಂತ ಮುಂಚೆ ಇದ್ದರೆ ಒತ್ತಿದಷ್ಟೂ ಸದ್ದು ಒರಟಾಗುತ್ತದೆ. ನಂತರ ಇದ್ದರೆ ವಾಲ್ಯೂಮ್ ಮಾತ್ರ ಬದಲಾಗುತ್ತದೆ, ಜೀವ ಬರುವುದಿಲ್ಲ. ಪೆಡಲನ್ನು ಸಿಸಿ 11ಕ್ಕೆ (ಮಿಡಿಯಲ್ಲಿ ಎಕ್ಸ್‌ಪ್ರೆಶನ್‌ನ ಕಂಟ್ರೋಲ್ ಸಂಖ್ಯೆ) ಜೋಡಿಸಿ. ಸಿಸಿ 7 ಅನೇಕ ಕಡೆ ಕೊನೆಯ ವಾಲ್ಯೂಮನ್ನೇ ಹಿಡಿದಿರುತ್ತದೆ. ಗೇನ್ (ಡ್ರೈವಿನ ಪ್ರಮಾಣ) ಇಡುವುದಕ್ಕೆ ನನ್ನ ಅಳತೆ ಹೀಗೆ: ಪೆಡಲ್ ಅರ್ಧಕ್ಕೆ ಇದ್ದಾಗ ಒಂಟಿ ಸ್ವರ ಬಹುಪಾಲು ಶುದ್ಧವಾಗಿರಬೇಕು, ಪೂರ್ತಿ ಒತ್ತಿದಾಗ ಎರಡು ಸ್ವರ ಸೇರಿ ಗುಡುಗಬೇಕು. ಲೆಸ್ಲಿ ಎಂಬ ತಿರುಗುವ ಸ್ಪೀಕರಿನ ಸುತ್ತಾಟ ಬೇಕಿದ್ದರೆ ಡ್ರೈವ್ ಆದ ಮೇಲೆ ಹಾಕಿ. ಮುಂಚೆ ಹಾಕಿದರೆ ಅದರ ಏರಿಳಿತವನ್ನು ಡಿಸ್ಟಾರ್ಷನ್ ಚಪ್ಪಟೆ ಮಾಡಿಬಿಡುತ್ತದೆ.

ಇಷ್ಟಾದರೂ ಕಾರ್ಡ್ (ಒಟ್ಟಿಗೆ ನುಡಿಸಿದ ಸ್ವರಗಳು) ಕೆಸರಾಗುವುದುಂಟು. ತಪ್ಪು ಥರ್ಡ್ ಸ್ವರದ್ದು. ಕೀಬೋರ್ಡಿನ ಮೇಜರ್ ಥರ್ಡ್ ಶುದ್ಧ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಎಂದರೆ ಸೆಮಿಟೋನಿನ ನೂರರಲ್ಲೊಂದು ಪಾಲು) ಮೇಲಿದೆ, ಫಿಫ್ತ್ ಶುದ್ಧ ಪಂಚಮಕ್ಕಿಂತ ಕೇವಲ 2 ಸೆಂಟ್ ಕೆಳಗಿದೆ. ಡಿಸ್ಟಾರ್ಷನ್ ಎರಡು ಸ್ವರಗಳ ಮೊತ್ತ-ವ್ಯತ್ಯಾಸಗಳನ್ನೂ ಕೇಳಿಸುವುದರಿಂದ ಈ ಅಪಶ್ರುತಿ ಬಯಲಾಗುತ್ತದೆ. ಎಡಗೈಯಲ್ಲಿ ಫೋರ್ತ್ (ಮಧ್ಯಮ), ಫಿಫ್ತ್, ಆಕ್ಟೇವ್ ಸಾಕು. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ರೆಕಾರ್ಡ್ ಆದ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ರಿಫ್ (ಮರಳಿ ಮರಳಿ ಬರುವ ಸ್ವರಗುಚ್ಛ) ಶುರುವಾಗುವುದೇ ಫೋರ್ತ್‌ಗಳಿಂದ: ಡಿ–ಜಿ, ಎಫ್–ಬಿ ಫ್ಲಾಟ್, ಜಿ–ಸಿ. ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಅವರ ಗಿಟಾರಿನ ಜೊತೆ ಲಾರ್ಡ್ ಅದನ್ನೇ ಆರ್ಗನ್‌ನಲ್ಲಿ ನುಡಿಸುವಾಗ ಎರಡನ್ನೂ ಬೇರ್ಪಡಿಸಿ ಕೇಳುವುದು ಕಷ್ಟ. ನನಗೆ ಅದೇ ಅವರ ದೊಡ್ಡತನ.

ಸೋಲೋಗೆ ಬೇಕಾದದ್ದು ಶಾಸ್ತ್ರೀಯ ಬೆರಳು. ಲಾರ್ಡ್ ಬಾಲ್ಯದಿಂದಲೂ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತವರು. 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರ ಕನ್ಸರ್ಟೊವನ್ನು ತಂಡ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ನುಡಿಸಿತು. ಕಾರ್ಡನ್ನು ಒಡೆದು ಸ್ವರಸ್ವರವಾಗಿ, ಮೊದಲು ಪೂರಾ ಕ್ಲೀನ್ ಸದ್ದಿನಲ್ಲಿ ಅಭ್ಯಾಸ ಮಾಡಿ. ಡ್ರೈವ್ ಹಾಕಿ ಕಲಿತರೆ ಬೆರಳಿನ ಅಸಮತೆ ಮುಚ್ಚಿಹೋಗುತ್ತದೆ.

ಅಸಲಿ ಹ್ಯಾಮಂಡ್ ಸಿಕ್ಕವರಿಗೆ ಒಂದು ಎಚ್ಚರಿಕೆ. ಅಮೆರಿಕದ ವಾದ್ಯದ ಮೋಟಾರು 60 ಹರ್ಟ್ಸ್‌ನದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ನಿಧಾನವಾಗಿ ತಿರುಗಿ ಶ್ರುತಿ ಸುಮಾರು ಮೂರು ಸೆಮಿಟೋನ್ ಇಳಿಯುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನಷ್ಟೇ ಸರಿಪಡಿಸುತ್ತದೆ. ಫ್ರೀಕ್ವೆನ್ಸಿ ಕನ್ವರ್ಟರ್ ಬೇಕೇ ಬೇಕು.

ವೇದಿಕೆಯಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಬೇಸ್ ಗಿಟಾರಿಗೆ ಜಾಗ ಬಿಡುತ್ತೇನೆ. ಡೀಪ್ ಪರ್ಪಲ್‌ನಲ್ಲಿ ಇದ್ದದ್ದು ಒಂದೇ ಗಿಟಾರ್, ರಿದಮ್ ಗಿಟಾರಿನ ಜಾಗವನ್ನು ಆರ್ಗನ್ ತುಂಬುತ್ತಿತ್ತು. ನಿಮ್ಮ ತಂಡದಲ್ಲಿ ಎರಡು ಗಿಟಾರ್ ಇದ್ದರೆ ಡ್ರೈವನ್ನು ಅರ್ಧಕ್ಕಿಳಿಸಿ, ಒಂದು ಆಕ್ಟೇವ್ ಮೇಲೆ ನುಡಿಸಿ.