ಬಾಟಲಿ ಒಲ್ಲದ ಮಗಳು ಲೋಟ ಕಲಿತಿದ್ದು

ಬಾಟಲಿ ಬೇಡ ಅಂತ ತೀರ್ಮಾನ ಮಾಡಿದ್ದು ನಾನಲ್ಲ, ನನ್ನ ಮಗಳು. ರಬ್ಬರ್ ನಿಪ್ಪಲ್ ತುಟಿಗೆ ತಾಗಿದರೆ ಸಾಕು, ನಾಲಿಗೆಯಲ್ಲಿ ಆಚೆ ನೂಕುತ್ತಿದ್ದಳು. ಬೇರೆ ಬೇರೆ ಥರದ್ದು ತಂದು ನೋಡಿದ್ದೂ ಆಯಿತು. ಅಷ್ಟರಲ್ಲಿ ನನ್ನ ರಜೆ ಕರಗುತ್ತಾ ಬಂದಿತ್ತು. 26 ವಾರದ ಹೆರಿಗೆ ರಜೆ ಅಂದರೆ ಕೇಳೋಕೆ ಆರು ತಿಂಗಳು. ಆದರೆ ಹೆರಿಗೆಗೆ ಮುಂಚೆ ಕಾಲು ಊದಿಕೊಂಡು ಮನೆಯಲ್ಲಿ ಕೂತ ವಾರಗಳೂ ಅದರೊಳಗೇ ಲೆಕ್ಕ. ಮಗುವಿಗೆ ಐದು ತಿಂಗಳಾಗುವ ಹೊತ್ತಿಗೆ ನಾನು ಆಫೀಸಿನಲ್ಲಿ, ಹಿಂಡಿಟ್ಟ ಎದೆಹಾಲು ಮನೆಯ ಫ್ರಿಜ್ಜಿನಲ್ಲಿ. ಅದನ್ನು ಅವಳ ಹೊಟ್ಟೆಗೆ ಸೇರಿಸೋದು ಹೇಗೆ?

ಮೂರೂವರೆ ತಿಂಗಳ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರನ್ನು ಕೇಳಿದೆ. "ಬಾಟಲಿ ಯಾಕಮ್ಮ ಬೇಕು? ದಿನ ತುಂಬದೆ ಹುಟ್ಟಿದ ಮಕ್ಕಳಿಗೇ ನಾವು ಒಳಲೆ, ಲೋಟದಲ್ಲಿ ಕುಡಿಸ್ತೀವಿ" ಅಂದರು.

ಒಳಲೆಗೇನೂ, ಅಂದರೆ ಮೂತಿ ಇರುವ ಆ ಪುಟ್ಟ ಬಟ್ಟಲಿಗೇನೂ, ಬರವಿರಲಿಲ್ಲ. ಅತ್ತೆಯ ಹತ್ತಿರ ಬೆಳ್ಳಿಯದ್ದೇ ಇತ್ತು. "ನಿನ್ನ ಗಂಡ ಕುಡಿದು ಬೆಳೆದದ್ದು ಇದರಲ್ಲೇ ಕಣಮ್ಮ" ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದರು. ಅವರು ಕುಡಿಸುವ ರೀತಿ ಮಾತ್ರ ನನಗೆ ಭಯ ತರಿಸಿತು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಬಾಯಿಗೆ ಹೊಯ್ಯೋದು. ಒಳಲೆಯಲ್ಲಿ ಎಷ್ಟು ಹಾಲು ಬಾಯಿಗೆ ಬೀಳಬೇಕು ಅಂತ ನಿರ್ಧರಿಸೋದು ಕೊಡುವವರ ಕೈ. ಮಗು ನುಂಗಿ ಮುಗಿಸಿಲ್ಲದಿದ್ದರೆ ಹಾಲು ನೆತ್ತಿಗೇರುತ್ತದೆ. ಲೋಟದಲ್ಲಿ ಹಾಗಲ್ಲ. ಸರಿಯಾಗಿ ಹಿಡಿದರೆ ಕುಡಿಯೋದೂ ಬಿಡೋದೂ ಮಗುವಿನ ಕೈಯಲ್ಲೇ ಇರುತ್ತದೆ. ಮುಂದೆ ಹೇಳೋದೆಲ್ಲ ಇದೊಂದೇ ವಿಷಯದ ಸುತ್ತ.

ಮೊದಲು ಲೋಟ. ನಾಮಕರಣಕ್ಕೆ ಬಂದಿದ್ದ ಬೆಳ್ಳಿ ಲೋಟದ ಬಾಯಿ ಅಗಲ, ಅದರಲ್ಲಿ ಕೊಟ್ಟರೆ ಕಟವಾಯಿಯ ಎರಡೂ ಕಡೆ ಸೋರುತ್ತಿತ್ತು. ಕೊನೆಗೆ ಒಗ್ಗಿದ್ದು ಪಾತ್ರೆ ಅಂಗಡಿಯಲ್ಲಿ ಸಿಕ್ಕ ಪುಟ್ಟ ಸ್ಟೀಲ್ ಲೋಟ, ಅಂಚು ಹೊರಕ್ಕೆ ಸುತ್ತಿದ್ದು. ಅಂಚು ಚೂಪಾಗಿದ್ದರೆ ಒಸಡಿಗೆ ಒತ್ತುತ್ತದೆ. ಬೆರಳಾಡಿಸಿ ನೋಡಿ ತಗೊಳ್ಳಿ. ಲೋಟ ಸಣ್ಣದಿರಬೇಕು, ಆದರೆ ಅರ್ಧಕ್ಕಿಂತ ಜಾಸ್ತಿ ತುಂಬಿರಬೇಕು. ಚೆಲ್ಲುತ್ತದೆ ಅಂತ ತಳದಲ್ಲಿ ಒಂದಿಷ್ಟೇ ಹಾಕಿದರೆ, ಅದು ತುಟಿಗೆ ಬರೋಕೆ ಲೋಟವನ್ನು ಪೂರ್ತಿ ಎತ್ತಬೇಕು. ಮಗುವಿನ ತಲೆ ಹಿಂದಕ್ಕೆ ವಾಲುತ್ತದೆ, ಹಾಲು ಒಮ್ಮೆಲೇ ನುಗ್ಗುತ್ತದೆ.

ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಬೆನ್ನು ಕತ್ತಿಗೆ ಒಂದು ಕೈ ಆಸರೆ ಕೊಡುತ್ತಿದ್ದೆ. ಲೋಟದ ಅಂಚನ್ನು ಕೆಳತುಟಿಯ ಮೇಲೆ ಹಗುರವಾಗಿ ಇಟ್ಟು, ಹಾಲು ಮೇಲ್ತುಟಿಗೆ ತಾಗುವಷ್ಟೇ ಓರೆ ಮಾಡೋದು. ಅಲ್ಲಿಗೆ ನಿಲ್ಲಿಸಿಬಿಡಬೇಕು. ಕಷ್ಟ ಇರೋದೇ ಅಲ್ಲಿ. ಇನ್ನೊಂಚೂರು ಬಗ್ಗಿಸೋಣ ಅಂತ ಕೈ ಎಳೆಯುತ್ತಿರುತ್ತದೆ. ಮಗಳು ಮೊದಮೊದಲು ನಾಲಿಗೆ ಚಾಚಿ ಬೆಕ್ಕಿನ ಮರಿ ಥರ ನೆಕ್ಕುತ್ತಿದ್ದಳು. ಒಳಗೆ ಹೋದದ್ದಕ್ಕಿಂತ ಗಲ್ಲದ ಮೇಲೆ ಇಳಿದದ್ದೇ ಜಾಸ್ತಿ. ಆಮೇಲೊಂದು ದಿನ ಮೇಲ್ತುಟಿ ಅಂಚಿನ ಮೇಲೆ ಕೂತು 'ಸುರ್' ಅಂತ ಸದ್ದು ಬಂತು. ನುಂಗಿದಳು, ಬಾಯಿ ತೆಗೆದಳು, ನನ್ನ ಮುಖ ನೋಡಿದಳು. ಪ್ರತಿ ಗುಟುಕಿಗೂ ಲೋಟ ತೆಗೆಯಬೇಕಿಲ್ಲ. ಸ್ವಲ್ಪ ಇಳಿಸಿ ತುಟಿಯ ಮೇಲೇ ಇಟ್ಟಿದ್ದರೆ ತಾನೇ ಮತ್ತೆ ಶುರು ಮಾಡುತ್ತಾಳೆ. ಮುಖ ತಿರುಗಿಸಿದರೆ ಆಯಿತು, ಅವತ್ತಿಗೆ ಅಷ್ಟೇ.

ನಿದ್ದೆಗಣ್ಣಲ್ಲಿ ಬೇಡ. ಹಸಿದು ಅರಚುತ್ತಿರುವಾಗಲಂತೂ ಬೇಡವೇ ಬೇಡ. ಹೊಸದನ್ನು ಕಲಿಯೋ ತಾಳ್ಮೆ ಆಗ ಯಾರಿಗಿರುತ್ತದೆ ಹೇಳಿ. ಮಧ್ಯಾಹ್ನ ಮಲಗಿ ಎದ್ದು ಆಟ ಆಡುವ ಹೊತ್ತು ನಮಗೆ ಹೊಂದಿತು. ಕೊರಳಿಗೆ ಜೊಲ್ಲುಬಟ್ಟೆ ಕಟ್ಟಿ, ಕುಡಿಸಿ ಆದಮೇಲೆ ಕತ್ತಿನ ಮಡಿಕೆ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಬಿಟ್ಟರೆ ಹಾಲು ಅಲ್ಲೇ ಹುಳಿತು ಚರ್ಮ ಕೆಂಪಾಗುತ್ತದೆ.

ಇಷ್ಟೆಲ್ಲ ಕಲಿತಮೇಲೂ ನನ್ನ ಕೈಯಲ್ಲಿ ಅರೆಮನಸ್ಸಿನಲ್ಲೇ ಕುಡಿಯುತ್ತಿದ್ದಳು. ಅಮ್ಮನ ಎದೆ ಅಲ್ಲೇ ಇರುವಾಗ ಲೋಟ ಯಾಕೆ ಅಲ್ವಾ? ಹಾಗಾಗಿ ಅತ್ತೆಗೆ ಬಿಟ್ಟುಕೊಟ್ಟು ನಾನು ತಾರಸಿಗೆ ಹೋಗಿ ಬಟ್ಟೆ ಒಣಹಾಕುತ್ತಾ ನಿಲ್ಲುತ್ತಿದ್ದೆ. "ನೆಟ್ಟಗೆ ಕೂರಿಸ್ಕೊಳ್ಳಿ ಅತ್ತೆ, ಹೊಯ್ಬೇಡಿ, ಅವಳೇ ಎಳ್ಕೋತಾಳೆ" ಅಂತ ಮೇಲಿಂದಲೇ ಕೂಗಿದರೆ, "ಗೊತ್ತು, ನೀನು ಬಟ್ಟೆ ನೋಡ್ಕೋ" ಅನ್ನುತ್ತಿದ್ದರು. ಅವರ ಕೈಯಲ್ಲೇ ಚೆನ್ನಾಗಿ ಕುಡಿದಳು.

ಕೆಲಸಕ್ಕೆ ಹೊರಟ ಶುರುವಿನಲ್ಲಿ ಹಗಲು ಕುಡಿದದ್ದು ಕಡಿಮೆಯೇ. ಬಾಕಿಯನ್ನೆಲ್ಲ ರಾತ್ರಿ ನನ್ನ ಹತ್ತಿರ ವಸೂಲಿ ಮಾಡಿದಳು. ನಿದ್ದೆ ಕೆಟ್ಟಿತು, ಬೇರೆ ತೊಂದರೆ ಆಗಲಿಲ್ಲ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ ಅನ್ನುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ನಾನು ಹೊರಗಿಡುತ್ತಲೇ ಇರಲಿಲ್ಲ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೆ ಕಾಯಿಸಬಾರದು. ಅಷ್ಟು ಕಷ್ಟಪಟ್ಟು ಹಿಂಡಿದ್ದು ಬಟ್ಟೆಗೆ ಚೆಲ್ಲಿದರೆ ಕರುಳು ಚುರುಕ್ ಅನ್ನುತ್ತದೆ, ಆದ್ದರಿಂದ ಒಂದು ಸಲಕ್ಕೆ ಆ ಪುಟ್ಟ ಲೋಟಕ್ಕೆ ಬೇಕಾದಷ್ಟನ್ನೇ ಬಗ್ಗಿಸಿಕೊಳ್ಳುತ್ತಿದ್ದೆವು.

ಆರು ತಿಂಗಳು ತುಂಬಿದ ಮೇಲೆ ಕಾಯಿಸಿ ಆರಿಸಿದ ನೀರೂ ಬಂತು. ನೀರು ಹಾಲಿಗಿಂತ ಬೇಗ ಹರಿಯುತ್ತದೆ, ಕೆಮ್ಮು ಬರಿಸೋದು ಅದೇ. ಕೆಮ್ಮಿದರೆ ಲೋಟ ತೆಗೆದು ಮಗುವನ್ನು ಮುಂದಕ್ಕೆ ಬಾಗಿಸಿ ಸುಮ್ನೆ ಕಾಯೋದು. ತೆಳ್ಳಗೆ ಮಾಡಿದ ರಾಗಿ ಸರಿ, ಬೇಳೆ ಕಟ್ಟು ನಿಧಾನವಾಗಿ ಬರುವುದರಿಂದ ಅವುಗಳಲ್ಲೇ ಅವಳಿಗೆ ಧೈರ್ಯ ಬಂದದ್ದು. ಕುಡಿದಾಗಲೆಲ್ಲ ಕೆಮ್ಮು, ಉಸಿರಿನಲ್ಲಿ ಗೊರಗೊರ ಅಂತಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಡಾಕ್ಟರಿಗೆ ತೋರಿಸಿ.

ಇಷ್ಟರಲ್ಲಿ ನೆಂಟರು ಸಿಪ್ಪರ್ ತಂದುಕೊಟ್ಟರು. ಹಾಲಿನ ಬಾಟಲಿಗೆ ನಮ್ಮ ದೇಶದಲ್ಲಿ ಜಾಹೀರಾತು ಕೊಡುವಂತಿಲ್ಲ, 1992ರ ಕಾನೂನೇ ಇದೆ. ಸಿಪ್ಪರ್ ಮಾತ್ರ ಎಲ್ಲಿ ನೋಡಿದರೂ ಕಾಣುತ್ತದೆ. ಚೆಲ್ಲದಂತೆ ವಾಲ್ವ್ ಇರುವ ಸಿಪ್ಪರಿನಲ್ಲಿ ಮಗು ಚೀಪಲೇಬೇಕು. ಆಮೇಲೆ ಬಾಟಲಿಗೂ ಅದಕ್ಕೂ ಏನು ವ್ಯತ್ಯಾಸ? ಆ ವಾಲ್ವಿನ ಸಂದಿಯಲ್ಲಿ ಹಾಲು ಕೂತು ಕಪ್ಪು ಹಿಡಿದದ್ದು ನೋಡಿ ಕಸಕ್ಕೆ ಹಾಕಿದೆ. ಸ್ಟೀಲ್ ಲೋಟವಾದರೆ ಸೋಪು ಬಿಸಿನೀರಿನಲ್ಲಿ ಎರಡು ಉಜ್ಜು, ಕೆಲಸ ಮುಗಿಯಿತು.

ಎಂಟನೇ ತಿಂಗಳ ಸುಮಾರಿಗೆ ತಾನೇ ಹಿಡಿಯುತ್ತೇನೆ ಅಂತ ಲೋಟಕ್ಕೆ ಎರಡೂ ಕೈ ಹಾಕಿದಳು. ಮೊದಲು ಖಾಲಿ ಲೋಟ ಕೊಟ್ಟೆವು, ಕಚ್ಚಿ ಬಡಿದು ಆಡಲಿ ಅಂತ. ಆಮೇಲೆ ನೀರು ಹಾಕಿ, ಅವಳ ಕೈ ಮೇಲೆ ನಮ್ಮ ಕೈ. ಈಗ ವರ್ಷ ದಾಟಿದೆ, ಹಸುವಿನ ಹಾಲೂ ಅದೇ ಲೋಟದಲ್ಲಿ. ದಿನಕ್ಕೆ ಅರ್ಧ ಲೀಟರ್ ಒಳಗೇ ಇರಲಿ ಅಂದಿದ್ದಾರೆ ಡಾಕ್ಟರು, ಹಾಲೇ ಹೊಟ್ಟೆ ತುಂಬಿದರೆ ಅನ್ನ ಸೇರದು, ರಕ್ತವೂ ಕಡಿಮೆಯಾಗುತ್ತದೆ. ಇನ್ನೂ ಬೇಕು ಅಂತ ಲೋಟ ಚಾಚಿದರೆ ಅತ್ತೆ ನೀರು ಹಾಕುತ್ತಾರೆ. ಅವಳು ಒಂದು ಗುಟುಕು ಕುಡಿದು, ಹಾಲಲ್ಲ ಅಂತ ಗೊತ್ತಾದ ಕೂಡಲೇ ಉಳಿದದ್ದನ್ನು ನೆಲಕ್ಕೆ ಸುರಿಯುತ್ತಾಳೆ.