ಶಿಕಾಗೋ ಹಿತ್ತಲಿನಲ್ಲಿ ನನ್ನ ಅಂಜೂರ

ಊರಲ್ಲಿ ಅತ್ತಿ ಹಣ್ಣು ಬಿಡಿಸಿದರೆ ಒಳಗಿಂದ ಪುಟ್ಟ ಹುಳಗಳು ಹೊರಡುತ್ತಿದ್ದವು. ಅಮ್ಮ ಊದಿ ಊದಿ ಕೊಡುತ್ತಿದ್ದರು. ಅತ್ತಿಗೆ ಪರಾಗ ತರುವ ಕಣಜ ಅದೇ ಅಂತ ನನಗೆ ಗೊತ್ತಾಗಿದ್ದು ಶಿಕಾಗೋ ಪಕ್ಕದ ನಮ್ಮ ಹಿತ್ತಲಲ್ಲಿ ಅಂಜೂರ ಹಾಕಿದ ಮೇಲೆ.

ಮೊದಲ ಗಿಡವನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಸೊಂಪಾಗಿ ಬೆಳೆಯಿತು, ಕಾಯಿಯೂ ಬಿಟ್ಟಿತು. ಗೋಲಿ ಗಾತ್ರ ಆಗುತ್ತಿದ್ದಂತೆ ಹಳದಿ ತಿರುಗಿ ಒಂದೊಂದೇ ಉದುರಿತು. ನೀರು ಜಾಸ್ತಿ ಆಯ್ತೇನೋ ಅಂತ ಕಡಿಮೆ ಮಾಡಿದೆ. ಮರುವರ್ಷವೂ ಅದೇ ಕಥೆ. ಬೇಸರದಿಂದ ಒಂದು ಕಾಯಿ ಸೀಳಿ ನೋಡಿದೆ. ಒಳಗೋಡೆಯ ತುಂಬಾ ಎಳೆ ಎಳೆಯಾಗಿ ಹೂವು! ಅಂಜೂರ ಅರಳುವುದೇ ಕಾಯಿಯ ಒಳಗೆ. ತುದಿಯಲ್ಲಿ ಒಂದು ಸಣ್ಣ ಕಣ್ಣಿರುತ್ತದೆ. ಅದರಿಂದ ಕಣಜ ನುಸುಳಿದರೇ ಪರಾಗ ಸೇರುವುದು.

ನನ್ನದು ಸ್ಮಿರ್ನಾ ಬಗೆಯ ಗಿಡವಾಗಿತ್ತು. ಪರಾಗ ಸಿಗದಿದ್ದರೆ ಅದು ಕಾಯಿ ಉದುರಿಸಿಬಿಡುತ್ತದೆ. ಕ್ಯಾಲಿಫೋರ್ನಿಯಾದ ಬೆಳೆಗಾರರೂ ಹೀಗೇ ಒದ್ದಾಡಿದ್ದರು. 1899ರಲ್ಲಿ ಆ ಕಣಜ ಅಲ್ಲಿ ನೆಲೆಯೂರಿದ ಮೇಲೆಯೇ ಅವರ ಸ್ಮಿರ್ನಾ ತೋಟಗಳು ಫಲ ಕೊಟ್ಟವು. ನಮ್ಮ ಚಳಿಗೆ ಆ ಕಣಜ ಬದುಕುವುದಿಲ್ಲ. ಗಂಡು ಅಂಜೂರದ ಪರಾಗವನ್ನು ಸಿರಿಂಜಿನಿಂದ ಕಾಯಿಯೊಳಗೆ ಬಿಡುವವರಿದ್ದಾರೆ. ಆದರೆ ಪರಾಗಕ್ಕೆ ಗಂಡು ಗಿಡ ಬೇಕಲ್ವಾ? ಮನೆಮಟ್ಟಿಗೆ ಅಷ್ಟು ಪಾಡು ಬೇಡ ಅನಿಸಿತು.

ಆಮೇಲೆ ತಂದದ್ದು ‘ಶಿಕಾಗೋ ಹಾರ್ಡಿ’ ಅನ್ನೋ ಅಂಜೂರದ ತಳಿ. ಇದಕ್ಕೆ ಪರಾಗವೇ ಬೇಡ. ಚಳಿಗೆ ಟೊಂಗೆಗಳು ಸತ್ತರೂ ಬುಡದಿಂದ ಎದ್ದ ಹೊಸ ಚಿಗುರಲ್ಲಿ ಅದೇ ವರ್ಷ ಕಾಯಿ ಹಿಡಿಯುತ್ತದೆ. ಆದರೆ ಬುಡದಿಂದ ಶುರುವಾದರೆ ಹಣ್ಣಾಗುವುದು ತಡ, ಅಷ್ಟರಲ್ಲಿ ಅಕ್ಟೋಬರ್ ಚಳಿ ಬಂದುಬಿಡುತ್ತದೆ. ಹಾಗಾಗಿ ಟೊಂಗೆ ಉಳಿಸಿಕೊಳ್ಳುವುದೇ ನನ್ನ ಮುಖ್ಯ ಕೆಲಸ.

ಗಿಡ 15 ಗ್ಯಾಲನ್ ಕುಂಡದಲ್ಲಿದೆ. ಎಲೆ ಪೂರ್ತಿ ಉದುರಿದ ಮೇಲೆ ಗ್ಯಾರೇಜಿಗೆ ಎಳೆದು ತರುತ್ತೇನೆ. ಅಲ್ಲಿ ಹೀಟರ್ ಇಲ್ಲ, ಆದರೂ 0ಯಿಂದ 5 ಡಿಗ್ರಿ ಇರುತ್ತದೆ. ಚಳಿಗಾಲದ ನಿದ್ದೆಯಲ್ಲಿರುವ ಗಿಡಕ್ಕೆ ಬೆಳಕು ಬೇಡ. ತಿಂಗಳಿಗೊಮ್ಮೆ ಒಂದೆರಡು ಲೋಟ ನೀರು ಸಾಕು. ಬೆಚ್ಚಗಿರಲಿ ಅಂತ ಮನೆಯೊಳಗೆ ಇಡಬೇಡಿ. ಚಳಿಗಾಲದಲ್ಲೇ ಚಿಗುರಿ ಸೊರಗುತ್ತದೆ.

ಮೇ ಮಧ್ಯದಲ್ಲಿ ಹೊರಗೆ. ಮೊದಲ ವಾರ ನೆರಳಲ್ಲಿ, ಆಮೇಲೆ ದಕ್ಷಿಣದ ಇಟ್ಟಿಗೆ ಗೋಡೆಗೆ ಒತ್ತಿ ಇಡುತ್ತೇನೆ. ಹಗಲಲ್ಲಿ ಕುಡಿದ ಬಿಸಿಯನ್ನು ಆ ಗೋಡೆ ರಾತ್ರಿ ಗಿಡಕ್ಕೆ ಕೊಡುತ್ತದೆ. ಪ್ರತಿ ಚಿಗುರಲ್ಲಿ ಐದಾರು ಎಲೆ ಬಂದಾಗ ತುದಿ ಚಿವುಟುತ್ತೇನೆ. ಆಗ ಗಿಡದ ಗಮನ ಕಾಯಿ ಕಡೆ ತಿರುಗುತ್ತದೆ. ಕೈಗವಸು ಹಾಕಿಕೊಳ್ಳಿ, ಚಿವುಟಿದಲ್ಲಿ ಒಸರುವ ಹಾಲು ತಾಗಿದ ಚರ್ಮ ಬಿಸಿಲಿಗೆ ಬಿದ್ದರೆ ಬೊಬ್ಬೆ ಏಳುತ್ತದೆ.

ಕಾಯಿ ವಾರಗಟ್ಟಲೆ ಕಲ್ಲಿನ ಹಾಗೆ ಸುಮ್ನೆ ಕೂತಿರುತ್ತದೆ. ಆಮೇಲೆ ಮೂರ್ನಾಲ್ಕು ದಿನದಲ್ಲೇ ಉಬ್ಬಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗಲೂ ಅವಸರ ಬೇಡ. ಕಿತ್ತ ಮೇಲೆ ಅದು ಸಿಹಿಯಾಗುವುದಿಲ್ಲ. ತೊಟ್ಟು ಬಳುಕಿ ಹಣ್ಣು ಕೆಳಗೆ ಜೋತುಬೀಳಬೇಕು, ಬೆರಳಿಗೆ ಮೆತ್ತಗಿರಬೇಕು.

ಸೆಪ್ಟೆಂಬರಿನಲ್ಲಿ ಮೊದಲ ಹಣ್ಣನ್ನು ವಿಡಿಯೋ ಕಾಲ್‌ನಲ್ಲೇ ಬಿಡಿಸಿದೆ. ಒಳಗೆ ಕೆಂಪು, ಜೇನಿನಂಥ ಅಂಟು.

“ಹುಳ ಇದೆಯೇನೇ, ನೋಡ್ಕೊಂಡು ತಿನ್ನು,” ಅಂದರು ಅಮ್ಮ.

ಒಂದೂ ಇರಲಿಲ್ಲ.